ಕವಳ ಹಾಕುವಷ್ಟು ಹೊತ್ತು

ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಸಹಕಾರಿ ಸಂಘಗಳ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವರ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಪರದೆಯ ಮೇಲೆ ತೋರಿಸಿದ ಚಿತ್ರಗಳ ಜಾಗದಲ್ಲಿ ಒಂದೆರಡು ವಾಕ್ಯ ಸೇರಿಸಿದ್ದೇನೆ.

ತೀರ್ಥಹಳ್ಳಿ ಕಡೆಯ ಒಂದು ಶಾಖೆಯಲ್ಲಿ ಅಡಿಕೆಯ ತೂಕ ಬರೆದುಕೊಳ್ಳುತ್ತಿದ್ದ ಹಿರಿಯ ಗುಮಾಸ್ತರೊಬ್ಬರಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವರು ತಪ್ಪದೆ ಒಂದು ಪಾಠ ಹೇಳಿಕೊಡುತ್ತಿದ್ದರು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದರೆ, ಕಂಪ್ಯೂಟರ್‌ನಲ್ಲಿ ಅರ್ಧಕ್ಕೆ ನಿಂತ ಲಾಟನ್ನು, ಅಂದರೆ ಒಟ್ಟಿಗೆ ತೂಗುವ ಚೀಲಗಳ ಲೆಕ್ಕವನ್ನು, ತಕ್ಷಣ ತೆರೆಯಬೇಡಿ. ಒಂದು ಕವಳ (ಎಲೆ ಅಡಿಕೆ) ಹಾಕಿ. ಕವಳ ಮುಗಿಯುವಷ್ಟರಲ್ಲಿ ಲಾಟು ಬಿಟ್ಟುಕೊಡುತ್ತದೆ. ಅವಸರ ಮಾಡಿದರೆ ‘ಈ ಲಾಟ್ ಬಳಕೆಯಲ್ಲಿದೆ’ ಎಂದು ಬಂದು ರೈತರ ಮುಂದೆ ಸುಮ್ಮನೆ ಕೂರಬೇಕಾಗುತ್ತದೆ.

ಆ ತೂಕ ಬರೆದುಕೊಳ್ಳುವ ತಂತ್ರಾಂಶವನ್ನು ಬರೆದವರಲ್ಲಿ ನಾನೂ ಒಬ್ಬ. ಆದರೆ ಈ ಕವಳದ ವಿಷಯ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಆ ತಂತ್ರಾಂಶವನ್ನು ಕಳಚಿ ಹೊಸದಕ್ಕೆ ಸಾಗಿಸಲು ಹೊರಟಾಗ. ಅವರ ಪಕ್ಕದಲ್ಲಿ ಕುಳಿತು ಗಡಿಯಾರ ನೋಡಿದೆ. ಹೆಚ್ಚುಕಡಿಮೆ ಆರು ನಿಮಿಷ. ಅದು ನಮ್ಮ ಸಂಘದಲ್ಲಿ ಯಾರೂ ನಿರ್ಧರಿಸಿದ ಸಂಖ್ಯೆಯಲ್ಲ. ಬೇರೆ ಬೇರೆ ಯಂತ್ರಗಳ ಪ್ರೋಗ್ರಾಮುಗಳು ಒಂದನ್ನೊಂದು ಕರೆಯಲು ಬಳಸುವ ಡಿಕಾಮ್ ಎಂಬ ತಂತ್ರಜ್ಞಾನದ ಒಳಗೆ ಕುಳಿತಿದ್ದ ಸಂಖ್ಯೆ. ದೂರದ ಶಾಖೆಯ ಕಂಪ್ಯೂಟರ್ ಎರಡು ನಿಮಿಷಕ್ಕೊಮ್ಮೆ ‘ನಾನಿದ್ದೇನೆ’ ಎಂದು ಸರ್ವರ್‌ಗೆ ಸುದ್ದಿ ಕಳಿಸುತ್ತದೆ. ಸತತ ಮೂರು ಸಲ ಸುದ್ದಿ ಬರದಿದ್ದರೆ, ಆ ಶಾಖೆಗಾಗಿ ಸರ್ವರ್‌ನಲ್ಲಿ ಜೀವ ಹಿಡಿದಿದ್ದ ಆಬ್ಜೆಕ್ಟನ್ನು, ಅಂದರೆ ಆ ಕೆಲಸದ ನೆನಪು ಇಟ್ಟುಕೊಂಡ ಪ್ರೋಗ್ರಾಮಿನ ತುಣುಕನ್ನು, ಡಿಕಾಮ್ ಬಿಡುಗಡೆ ಮಾಡುತ್ತದೆ. ಆಬ್ಜೆಕ್ಟ್ ಹೋದರೆ, ಬೇರೆಯವರು ಮುಟ್ಟದಂತೆ ಅದು ಲಾಟಿಗೆ ಹಾಕಿದ್ದ ಬೀಗವೂ ಹೋಗುತ್ತದೆ. ಎರಡು ಮೂರಲೆ ಆರು. ರೆಡ್‌ಮಂಡ್‌ನ ಮೈಕ್ರೋಸಾಫ್ಟ್ ಎಂಜಿನಿಯರುಗಳು ಬರೆದ ಒಂದು ನಿಯಮವನ್ನು ತುಂಗೆಯ ದಡದ ಗುಮಾಸ್ತರು ಕವಳದ ಅಳತೆಯಲ್ಲಿ ಕಂಡುಕೊಂಡಿದ್ದರು.

ಇವತ್ತು ನಾನು ಹೇಳಬೇಕೆಂದಿರುವುದು ಇದರ ಸುತ್ತಲೇ ಇದೆ. ಹಳೆಯ ಘಟಕಗಳನ್ನು (ಬೇರೆ ಪ್ರೋಗ್ರಾಮುಗಳು ಕರೆದು ಬಳಸುವ ತಂತ್ರಾಂಶದ ತುಂಡುಗಳನ್ನು) ಹೊಸ ತಂತ್ರಜ್ಞಾನಕ್ಕೆ ಸಾಗಿಸುವಾಗ ಕೋಡನ್ನು ಸಾಗಿಸುವುದು ಸುಲಭದ ಭಾಗ. ಆ ಕೋಡು ಎಲ್ಲಿಯೂ ಬರೆದಿಡದೆ ನಡೆಸಿಕೊಂಡು ಬಂದ ಮಾತುಗಳಿರುತ್ತವೆ. ಜನ ಅವುಗಳ ಮೇಲೆ ತಮ್ಮ ದಿನಚರಿಯನ್ನು ಕಟ್ಟಿಕೊಂಡಿರುತ್ತಾರೆ. ಅವುಗಳನ್ನು ಹುಡುಕಿ ತೆಗೆಯುವುದೇ ಕಷ್ಟ.

ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 1990ರ ದಶಕದಲ್ಲಿ ಎಲ್ಲರಿಗೂ ಒಂದು ಕನಸಿತ್ತು. ಬೇರೆ ಊರಿನ ಯಂತ್ರದಲ್ಲಿರುವ ಆಬ್ಜೆಕ್ಟನ್ನು ನನ್ನ ಮೇಜಿನ ಮೇಲೆಯೇ ಇರುವಂತೆ ಕರೆಯಬೇಕು, ನಡುವೆ ತಂತಿ ಇರುವುದು ಕೋಡ್ ಬರೆಯುವವನಿಗೆ ಗೊತ್ತೇ ಆಗಬಾರದು. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ 1991ರಲ್ಲಿ ಆ ಕನಸಿನ ಬೆನ್ನು ಹತ್ತಿದ ಕೋರ್ಬಾ ಎಂಬ ಮಾನದಂಡದ ಮೊದಲ ಆವೃತ್ತಿಯನ್ನು ತಂದಿತು. ಮೈಕ್ರೋಸಾಫ್ಟ್ 1993ರಲ್ಲಿ, ಒಂದೇ ಯಂತ್ರದ ಘಟಕಗಳು ಪರಸ್ಪರ ಕರೆಯಲು, ಕಾಮ್ ತಂದಿತು. 1995ರ ವಿಷುಯಲ್ ಬೇಸಿಕ್ 4ರ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಬೇರೆ ಯಂತ್ರದ ಘಟಕವನ್ನು ಕರೆಯುವ ರಿಮೋಟ್ ಆಟೊಮೇಷನ್ ಬಂತು. ಮುಂದಿನ ವರ್ಷ ವಿಂಡೋಸ್ ಎನ್‌ಟಿ 4ರ ಜೊತೆ, ಕಾಮ್ ಅನ್ನು ಜಾಲಕ್ಕೆ ಹಿಗ್ಗಿಸಿದ ಡಿಕಾಮ್ ಬಂತು.

ನಮ್ಮದು ಒಂದು ಅಡಿಕೆ ಮಾರಾಟ ಸಂಘ. ಸದಸ್ಯರು ತಂದ ಚೀಲಗಳನ್ನು ಇಳಿಸಿ, ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆ ನೋಡಿ, ಲಾಟ್ ಸಂಖ್ಯೆ ಕೊಟ್ಟು, ತೂಗಿ, ಟೆಂಡರಿಗೆ ಇಡುವುದು ಕೆಲಸ. ಲೆಕ್ಕವೆಲ್ಲ ಶಿವಮೊಗ್ಗದ ಸರ್ವರ್‌ನಲ್ಲಿ. ಸಾಗರ, ಹೊಸನಗರ, ಕೊಪ್ಪ, ತೀರ್ಥಹಳ್ಳಿಯ ಶಾಖೆಗಳಲ್ಲಿ ಒಂದೊಂದು ಕಂಪ್ಯೂಟರ್, ನಡುವೆ ಟೆಲಿಫೋನ್ ತಂತಿ. ಮೊದಲ ತಂತ್ರಾಂಶ ರಿಮೋಟ್ ಆಟೊಮೇಷನ್ ಮೇಲೆ ನಿಂತಿತ್ತು. ಸರ್ವರ್‌ನಲ್ಲಿ ಆಟೊಮೇಷನ್ ಮ್ಯಾನೇಜರ್ ಎಂಬ ಪ್ರೋಗ್ರಾಮ್ ಸದಾ ಓಡುತ್ತಿರಬೇಕು. ಅದು ಶಾಖೆಯಿಂದ ಬಂದ ಕರೆಯನ್ನು ಹಿಡಿದು ನಿಜವಾದ ಘಟಕಕ್ಕೆ ದಾಟಿಸುತ್ತದೆ. ವಿಂಡೋಸ್ 3.1ರ 16 ಬಿಟ್ ಯಂತ್ರಗಳೂ ಅದರೊಂದಿಗೆ ಮಾತನಾಡಬಲ್ಲವಾಗಿದ್ದವು. ಶಾಖೆಗಳಲ್ಲಿ ಅಂಥ ಯಂತ್ರಗಳೇ ಇದ್ದ ಕಾಲಕ್ಕೆ ಅದು ದೊಡ್ಡ ಉಪಕಾರ.

ರಿಮೋಟ್ ಆಟೊಮೇಷನ್‌ನಿಂದ ಡಿಕಾಮ್‌ಗೆ ದಾಟಿದ್ದು ನನ್ನ ಬದುಕಿನ ಮೊದಲ ವಲಸೆ. ಪುಸ್ತಕದ ಪ್ರಕಾರ ಅದರಲ್ಲಿ ಕೋಡಿನ ಒಂದು ಸಾಲನ್ನೂ ಬದಲಿಸಬೇಕಾಗಿಲ್ಲ. ಘಟಕ ಎಲ್ಲಿದೆ, ಯಾವ ದಾರಿಯಲ್ಲಿ ಹೋಗಬೇಕು ಎಂಬುದೆಲ್ಲ ವಿಂಡೋಸ್‌ನ ರಿಜಿಸ್ಟ್ರಿ ಎಂಬ ಸೆಟ್ಟಿಂಗುಗಳ ಕಡತದಲ್ಲಿರುತ್ತದೆ. ರೆಮ್‌ಆಟೊ ಕನೆಕ್ಷನ್ ಮ್ಯಾನೇಜರ್ ತೆರೆದು, ಘಟಕದ ಹೆಸರು ಆರಿಸಿ, ರಿಮೋಟ್ ಆಟೊಮೇಷನ್ ಬದಲಿಗೆ ಡಿಸ್ಟ್ರಿಬ್ಯೂಟೆಡ್ ಕಾಮ್ ಎಂದು ಗುರುತು ಹಾಕಿದರೆ ಆಯಿತು. ನಿಜವಾಗಿಯೂ ಅಷ್ಟೇ. ಮಧ್ಯಾಹ್ನದೊಳಗೆ ಎಲ್ಲ ಶಾಖೆಗಳೂ ಡಿಕಾಮ್ ಮೇಲಿದ್ದವು.

ಮರುದಿನ ಬೆಳಿಗ್ಗೆ ಯಾವ ಶಾಖೆಗೂ ಸರ್ವರ್ ಸಿಗಲಿಲ್ಲ. ಘಟಕ ಯಾರ ಹೆಸರಿನಲ್ಲಿ ಓಡಬೇಕು ಎಂಬ ಪ್ರಶ್ನೆಯನ್ನು ಡಿಕಾಮ್ ಕೇಳುತ್ತದೆ. ನಾವು ‘ಇಂಟರ್‌ಆ್ಯಕ್ಟಿವ್ ಯೂಸರ್’ ಎಂದು ಕೊಟ್ಟಿದ್ದೆವು. ಹಾಗೆಂದರೆ ಆ ಹೊತ್ತಿಗೆ ಸರ್ವರ್‌ನ ಮುಂದೆ ಲಾಗಿನ್ ಆಗಿ ಕುಳಿತಿರುವವರು. ಹಿಂದಿನ ದಿನ ನಾನೇ ಲಾಗಿನ್ ಆಗಿ ಕುಳಿತಿದ್ದೆ, ಎಲ್ಲವೂ ನಡೆಯಿತು. ರಾತ್ರಿ ಕರೆಂಟು ಹೋಗಿ ಯಂತ್ರ ತಾನಾಗಿ ಮತ್ತೆ ಎದ್ದಿತು, ಆದರೆ ಮುಂದೆ ಯಾರೂ ಇರಲಿಲ್ಲ. ಹಾಗಾಗಿ ಘಟಕ ಏಳಲಿಲ್ಲ. ‘ಲಾಂಚಿಂಗ್ ಯೂಸರ್’ ಎಂದು ಕೊಟ್ಟಿದ್ದರೆ ಕರೆಯುವ ಒಬ್ಬೊಬ್ಬ ಬಳಕೆದಾರನಿಗೂ ಒಂದೊಂದು ಪ್ರತ್ಯೇಕ ಪ್ರಕ್ರಿಯೆ ಹುಟ್ಟಿ ಸರ್ವರ್ ಬಳಲುತ್ತಿತ್ತು. ಕೊನೆಗೆ ಅದಕ್ಕೆಂದೇ ಒಂದು ಖಾತೆ ತೆರೆದು, ಆ ಹೆಸರಿನಲ್ಲಿ ಓಡಿಸಿದೆವು. ಹಳೆಯ ವ್ಯವಸ್ಥೆಯಲ್ಲಿ ಬೆಳಿಗ್ಗೆ ಬಂದವರು ಲಾಗಿನ್ ಆಗಿ ಆಟೊಮೇಷನ್ ಮ್ಯಾನೇಜರನ್ನು ಕೈಯಾರೆ ಹಚ್ಚುತ್ತಿದ್ದರು. ಆ ಕೈಕೆಲಸವೂ ವ್ಯವಸ್ಥೆಯ ಒಂದು ಭಾಗವಾಗಿತ್ತು ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇನ್ನೊಂದು ತೊಂದರೆ ನಿಧಾನಗತಿಯದು. ಇದನ್ನು ವಿದ್ಯಾರ್ಥಿಗಳು ಸರಿಯಾಗಿ ಕೇಳಿಸಿಕೊಳ್ಳಬೇಕು. ಒಂದು ಲಾಟಿಗೆ ಸದಸ್ಯರ ಸಂಖ್ಯೆ, ಬಗೆ, ಚೀಲ, ತೂಕ ಹೀಗೆ ಹನ್ನೆರಡು ವಿವರಗಳಿದ್ದವು ಎನ್ನಿ. ಪುಸ್ತಕದಲ್ಲಿ ಕಲಿತಂತೆ ಒಂದೊಂದನ್ನೂ ಒಂದೊಂದು ಪ್ರಾಪರ್ಟಿಯಾಗಿ ಬರೆದಿದ್ದೆವು. ಒಂದೇ ಯಂತ್ರದಲ್ಲಿ ಅದು ಚೆಲುವಾದ ಕೋಡು. ತಂತಿಯಾಚೆಗೆ ಪ್ರತಿ ಪ್ರಾಪರ್ಟಿಯೂ ಶಿವಮೊಗ್ಗಕ್ಕೆ ಹೋಗಿ ಬರುವ ಒಂದು ಪ್ರಯಾಣ. ಅದರ ಮೇಲೆ ನಾವು ಬಳಸಿದ್ದು ಲೇಟ್ ಬೈಂಡಿಂಗ್. ಅದರಲ್ಲಿ ಈ ಹೆಸರಿನ ಪ್ರಾಪರ್ಟಿಯ ಸಂಖ್ಯೆ ಏನು ಎಂದು ಕೇಳಲು ಒಂದು ಪ್ರಯಾಣ, ಬೆಲೆ ಇಡಲು ಇನ್ನೊಂದು. ಹನ್ನೆರಡು ವಿವರಕ್ಕೆ ಇಪ್ಪತ್ತನಾಲ್ಕು ಪ್ರಯಾಣ. ಒಂದಕ್ಕೆ ಸೆಕೆಂಡಿನ ಐದನೇ ಒಂದು ಭಾಗ ಹಿಡಿದರೂ ಒಂದು ಲಾಟಿಗೆ ಸುಮಾರು ಐದು ಸೆಕೆಂಡು. ಹೊರಗೆ ಚೀಲ ಹೊತ್ತವರು ಸಾಲಿನಲ್ಲಿ ನಿಂತಿರುವಾಗ ಐದು ಸೆಕೆಂಡು ಬಹಳ ದೀರ್ಘ. ಹನ್ನೆರಡು ವಿವರಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಒಂದೇ ಕರೆಯಲ್ಲಿ ಕಳಿಸುವಂತೆ ಬದಲಿಸಿದಾಗ ಗುಮಾಸ್ತರ ಮುಖ ಅರಳಿತು. ಮನೆಯ ಬಾವಿಯಿಂದ ಒಂದೊಂದೇ ಚೆಂಬು ನೀರು ತರಬಹುದು. ಹಳ್ಳದಿಂದ ತರುವವರು ಕೊಡ ಒಯ್ಯುತ್ತಾರೆ.

ಸನ್ ಮೈಕ್ರೋಸಿಸ್ಟಮ್ಸ್‌ನ ನಾಲ್ವರು ಸಂಶೋಧಕರು 1994ರಲ್ಲಿಯೇ ಈ ಎಚ್ಚರಿಕೆ ಕೊಟ್ಟಿದ್ದರು. ದೂರದ ಆಬ್ಜೆಕ್ಟು ಹತ್ತಿರದ ಆಬ್ಜೆಕ್ಟಿನಂತೆಯೇ ಎಂದು ನಟಿಸಬೇಡಿ, ತಡವಾಗುವುದು, ಅರ್ಧ ಭಾಗ ಮಾತ್ರ ಕೆಡುವುದು ಮುಂತಾದ ವ್ಯತ್ಯಾಸಗಳನ್ನು ಕೋಡ್ ಬರೆಯುವವರು ಗಮನದಲ್ಲಿಟ್ಟುಕೊಳ್ಳಲೇಬೇಕು ಎಂಬುದು ಅವರ ವಾದ. ಮಲೆನಾಡಿನಲ್ಲಿ ಕೆಲಸ ಮಾಡುವವರಿಗೆ ಆ ಮಾತು ಜೂನ್ ತಿಂಗಳ ಮೊದಲ ವಾರದಲ್ಲೇ ಅರ್ಥವಾಗಿಬಿಡುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆ ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲೇ ಇದೆ. ಮರ ಬಿದ್ದು ತಂತಿ ಹರಿದರೆ ಇಲ್ಲಿ ಅದು ಅಪವಾದವಲ್ಲ, ಋತು.

ಡಿಕಾಮ್ ವರ್ಷಗಳ ಕಥೆಯನ್ನು ಬೇಗ ದಾಟುತ್ತೇನೆ. ಯಾರೋ ಒಬ್ಬರು ವಿಷುಯಲ್ ಬೇಸಿಕ್‌ನಲ್ಲಿ ಬೈನರಿ ಹೊಂದಾಣಿಕೆಯ (ಘಟಕದ ಹಳೆಯ ಗುರುತನ್ನೇ ಉಳಿಸುವ) ಆಯ್ಕೆಯನ್ನು ಮರೆತು ಘಟಕವನ್ನು ಮತ್ತೆ ಕಂಪೈಲ್ ಮಾಡಿದರು. 128 ಬಿಟ್‌ಗಳ ಗುರುತಿನ ಸಂಖ್ಯೆಗಳು ಬದಲಾದವು, ಎಲ್ಲ ಶಾಖೆಗಳಲ್ಲೂ ಘಟಕವನ್ನು ತೆರೆಯಲಾಗದು ಎಂಬ ದೋಷ 429 ಬಂತು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಕಂಪ್ಯೂಟರ್ ಹುಳು ಡಿಕಾಮ್‌ನ ಒಂದು ಬಿರುಕಿನ ಮೂಲಕವೇ ಜಗತ್ತಿನಾದ್ಯಂತ ನುಗ್ಗಿತು. ಅದನ್ನು ತಡೆಯಲು 135ನೇ ಪೋರ್ಟ್, ಅಂದರೆ ಜಾಲದ ಕರೆಗಳು ಒಳಬರುವ ಆ ಸಂಖ್ಯೆಯ ದಾರಿ, ಮುಚ್ಚಬೇಕಿತ್ತು. ಡಿಕಾಮ್‌ನ ಬಾಗಿಲೂ ಅದೇ ಆದ್ದರಿಂದ ಶಾಖೆಗಳು ಕೈಬರಹದ ಪುಸ್ತಕಕ್ಕೆ ಮರಳಿದವು. ಮುಂದೆ ಬ್ರಾಡ್‌ಬ್ಯಾಂಡ್ ಬಂದಾಗ ಇನ್ನೊಂದು ಮಿತಿ ಕಂಡಿತು. ಡಿಕಾಮ್ ತನ್ನ ಆಬ್ಜೆಕ್ಟ್ ಗುರುತಿನ ಒಳಗೆ ಸರ್ವರ್‌ನ ಐಪಿ ವಿಳಾಸವನ್ನೇ ಬರೆದು ಕಳಿಸುತ್ತದೆ. ನಡುವೆ ವಿಳಾಸ ಬದಲಿಸುವ ರೌಟರ್ ಇದ್ದರೆ ಶಾಖೆಯು ತನಗೆ ತಲುಪಲಾಗದ ವಿಳಾಸವನ್ನು ಬಡಿಯುತ್ತಾ ಕೂರುತ್ತದೆ. ಎರಡೂ ಕಡೆಯನ್ನು ಒಂದೇ ಖಾಸಗಿ ಜಾಲದಂತೆ ಬೆಸೆಯುವ ವಿಪಿಎನ್ ಹಾಕಿ ದಿನ ದೂಡಿದೆವು.

ಕೊನೆಯ ನೂಕು 2021ರಿಂದ 2023ರ ನಡುವೆ ಬಂತು. ಡಿಕಾಮ್‌ನ ಭದ್ರತೆಯಲ್ಲಿ ದೋಷವೊಂದು ಸಿಕ್ಕಿ, ಮೈಕ್ರೋಸಾಫ್ಟ್ ಮೂರು ಹಂತಗಳಲ್ಲಿ ನಿಯಮವನ್ನು ಬಿಗಿ ಮಾಡಿತು. 2021ರ ಜೂನ್‌ನಲ್ಲಿ ಬೇಕಾದವರಿಗೆ, 2022ರ ಜೂನ್‌ನಲ್ಲಿ ಬೇಡವೆಂದವರನ್ನು ಬಿಟ್ಟು ಉಳಿದವರಿಗೆ, 2023ರ ಮಾರ್ಚ್ 14ರಿಂದ ಎಲ್ಲರಿಗೂ. ಹಳೆಯ, ಪರಿಷ್ಕರಿಸದ ವಿಂಡೋಸ್ ಯಂತ್ರಗಳ ಕರೆಯನ್ನು ಸರ್ವರ್ ಅಂದಿನಿಂದ ನಿರಾಕರಿಸುತ್ತದೆ. ಕಾರ್ಖಾನೆಗಳ ನಿಯಂತ್ರಣ ವ್ಯವಸ್ಥೆಗಳಲ್ಲಿ ಬಳಸುವ ಹಳೆಯ ಓಪಿಸಿ ಕೂಡ ಡಿಕಾಮ್ ಮೇಲೆಯೇ ನಿಂತಿದ್ದರಿಂದ ಆ ದಿನಾಂಕ ಬಹಳ ಜನರ ನಿದ್ದೆ ಕೆಡಿಸಿತು. ನಮ್ಮ ಎರಡು ಶಾಖೆಗಳಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ ಇತ್ತು. ದಿನಾಂಕ ಮೊದಲೇ ತಿಳಿದಿದ್ದರಿಂದ ಸಿದ್ಧತೆಗೆ ಸಮಯ ಸಿಕ್ಕಿತು.

ಎಲ್ಲಿಗೆ ಹೋಗುವುದು? ನಾವು ಆರಿಸಿಕೊಂಡದ್ದು ಜಿಆರ್‌ಪಿಸಿ, ದೂರದ ಯಂತ್ರದ ಪ್ರೋಗ್ರಾಮನ್ನು ಸಂದೇಶ ಕಳಿಸಿ ಕರೆಯುವ ಇನ್ನೊಂದು ವಿಧಾನ. ಗೂಗಲ್ ಅದನ್ನು 2015ರಲ್ಲಿ ಮುಕ್ತವಾಗಿ ಹೊರತಂದಿತು. ವೆಬ್ ಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ/2 ಮೇಲೆ ಓಡುತ್ತದೆ, ಒಂದೇ ಪೋರ್ಟ್ ಸಾಕು, ಯಾವ ರೌಟರ್ ಆದರೂ ದಾಟುತ್ತದೆ. ಇಷ್ಟು ಅನುಕೂಲ. ಆದರೆ ಒಂದು ಮಾತು ಸ್ಪಷ್ಟವಾಗಿರಲಿ: ಇದು ಡಿಕಾಮ್‌ನ ಹೊಸ ಆವೃತ್ತಿಯಲ್ಲ. ಡಿಕಾಮ್‌ನಲ್ಲಿ ಶಾಖೆಯ ಕೈಯಲ್ಲಿ ಸರ್ವರ್‌ನಲ್ಲಿರುವ ಒಂದು ಜೀವಂತ ಆಬ್ಜೆಕ್ಟಿನ ಹಿಡಿ ಇರುತ್ತಿತ್ತು. ಜಿಆರ್‌ಪಿಸಿಯಲ್ಲಿ ಅಂಥ ಹಿಡಿ ಇಲ್ಲ. ಸಂದೇಶ ಹೋಗುತ್ತದೆ, ಉತ್ತರ ಬರುತ್ತದೆ, ಮುಗಿಯಿತು. ಹಾಗಾದರೆ ಅರ್ಧ ತೂಗಿದ ಲಾಟಿನ ನೆನಪು ಎಲ್ಲಿರಬೇಕು? ಹಳೆಯದರಲ್ಲಿ ಅದು ಆಬ್ಜೆಕ್ಟಿನ ಹೊಟ್ಟೆಯಲ್ಲಿತ್ತು. ಹೊಸದರಲ್ಲಿ ಅದಕ್ಕೊಂದು ಮನೆಯನ್ನು ನಾವೇ ಕಟ್ಟಿಕೊಡಬೇಕು.

ಮೊದಲ ಪ್ರಯತ್ನದಲ್ಲಿ ಡೇಟಾಬೇಸ್‌ನಲ್ಲಿ ಒಂದು ಕಾಲಂ ಮಾಡಿ, ಈ ಲಾಟು ಇಂಥ ಶಾಖೆಯ ಕೈಯಲ್ಲಿದೆ ಎಂದು ಬರೆದೆವು. ಬೀಗ ಹಾಕುವುದನ್ನು ಬರೆದೆವು, ತೆಗೆಯುವುದನ್ನೂ ಬರೆದೆವು. ಬೀಗ ಹಾಕಿದವನು ಕರೆಂಟು ಹೋಗಿ ಮಾಯವಾದರೆ ಏನು ಎಂಬುದನ್ನು ಬರೆಯಲಿಲ್ಲ. ಮೊದಲ ದೊಡ್ಡ ಮಳೆಗೆ ಹೊಸನಗರದ ಏಳು ಲಾಟುಗಳು ಬೀಗದೊಳಗೆ ಉಳಿದವು. ಗುಮಾಸ್ತರು ಕವಳ ಹಾಕಿದರು, ಇನ್ನೊಂದು ಹಾಕಿದರು, ಲಾಟು ಬಿಡಲಿಲ್ಲ. ಆ ಸಂಜೆ ಬಂದ ಫೋನ್ ಕರೆಯಿಂದಲೇ ನಾನು ಮೊದಲ ಬಾರಿಗೆ ಕವಳದ ಪಾಠ ಕೇಳಿದ್ದು. ‘ಹಳೆಯದು ಕವಳ ಮುಗಿಯುವಷ್ಟರಲ್ಲಿ ಬಿಡುತ್ತಿತ್ತಲ್ಲ’ ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ತೀರ್ಥಹಳ್ಳಿ ಶಾಖೆ ಆಗಿನ್ನೂ ಹಳೆಯದರ ಮೇಲೇ ಇತ್ತು. ಮರುದಿನವೇ ಬಸ್ ಹಿಡಿದು ಅಲ್ಲಿಗೆ ಹೋಗಿ ಆ ಹಿರಿಯರ ಪಕ್ಕ ಕುಳಿತೆ.

ಹಿಂತಿರುಗಿ ಬಂದು ಬೀಗವನ್ನು ಗೇಣಿಯಾಗಿ ಬದಲಿಸಿದೆವು. ಲಾಟು ಇಂತಿಷ್ಟು ಹೊತ್ತಿಗೆ ಮಾತ್ರ ನಿನ್ನದು, ಕೆಲಸ ನಡೆಯುತ್ತಿದ್ದರೆ ಅವಧಿಯನ್ನು ನವೀಕರಿಸುತ್ತಾ ಹೋಗು, ನವೀಕರಿಸದಿದ್ದರೆ ತಾನಾಗಿ ಬಿಡುಗಡೆ. ಅವಧಿಯನ್ನು ಬೇಕೆಂದೇ ಆರು ನಿಮಿಷ ಇಟ್ಟೆವು. ತಾಂತ್ರಿಕವಾಗಿ ಅದಕ್ಕೆ ಕಾರಣವಿರಲಿಲ್ಲ. ಜನರ ಕೈಗೆ ಬಂದ ಅಳತೆ ಅದು, ಮೊದಲ ಸುಗ್ಗಿಯಲ್ಲಿ ಅದನ್ನು ಕೆಡಿಸುವುದು ನನಗೆ ಇಷ್ಟವಿರಲಿಲ್ಲ.

ಇದೇ ಬಗೆಯ ಇನ್ನೆರಡು ಹೇಳುತ್ತೇನೆ. ಹಳೆಯ ಘಟಕವನ್ನು ಒಂದೇ ಥ್ರೆಡ್‌ನಲ್ಲಿ, ಅಂದರೆ ಒಮ್ಮೆಗೆ ಒಂದೇ ಕೆಲಸ ಮಾಡುತ್ತಾ, ಓಡುವಂತೆ ಕಟ್ಟಿದ್ದೆವು. ಎಷ್ಟು ಶಾಖೆಗಳು ಕರೆದರೂ ಕರೆಗಳು ಒಂದರ ಹಿಂದೆ ಒಂದು ನಿಲ್ಲುತ್ತಿದ್ದವು. ರಸೀದಿ ಸಂಖ್ಯೆಯನ್ನು ಒಂದು ಸಾಮಾನ್ಯ ವೇರಿಯಬಲ್‌ನಲ್ಲಿಟ್ಟು ಒಂದು ಕೂಡಿಸುತ್ತಿದ್ದೆವು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಸಂಖ್ಯೆಯೂ ಮರುಕಳಿಸಲಿಲ್ಲ. ಹೊಸ ಸೇವೆಯನ್ನು ಗೋ ಭಾಷೆಯಲ್ಲಿ ಬರೆದು, ಆ ತರ್ಕವನ್ನು ಹಾಗೆಯೇ ಇಟ್ಟೆವು. ಕರೆಗಳು ಒಟ್ಟಿಗೆ ನುಗ್ಗಿದವು. ಸಾಗರಕ್ಕೂ ಕೊಪ್ಪಕ್ಕೂ ಒಂದೇ ರಸೀದಿ ಸಂಖ್ಯೆ ಹೋಯಿತು. ಸಾಲಿನಲ್ಲಿ ನಿಲ್ಲುವ ಶಿಸ್ತು ಕೋಡಿನಲ್ಲಿರಲಿಲ್ಲ, ಅದು ಓಡುತ್ತಿದ್ದ ನೆಲದಲ್ಲಿತ್ತು.

ಎರಡನೆಯದು ಹಣದ್ದು. ವಿಷುಯಲ್ ಬೇಸಿಕ್‌ನ ರೌಂಡ್, ಅಂದರೆ ದಶಮಾಂಶವನ್ನು ಪೂರ್ಣಾಂಕ ಮಾಡುವ ಸೂತ್ರ, ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 2.5 ಎಂದರೆ 2. ಗೋ ಭಾಷೆಯ ರೌಂಡ್ 3 ಎನ್ನುತ್ತದೆ. ಒಂದು ಲಾಟಿನಲ್ಲಿ ಅದು ಒಂದು ಪೈಸೆ. ಆದರೆ ಸದಸ್ಯರ ಪಾಸ್ ಪುಸ್ತಕದಲ್ಲಿ ಹಿಂದಿನ ವರ್ಷದ ಲೆಕ್ಕಕ್ಕೂ ಈ ವರ್ಷದ ಲೆಕ್ಕಕ್ಕೂ ಒಂದು ಪೈಸೆ ವ್ಯತ್ಯಾಸ ಬಂದರೆ ಅವರು ಬಂದು ಕೇಳುತ್ತಾರೆ, ಕೇಳಬೇಕು ಕೂಡ. ಜಿಆರ್‌ಪಿಸಿ ಸಂದೇಶಗಳನ್ನು ಬರೆಯುವ ಪ್ರೊಟೊಕಾಲ್ ಬಫರ್‌ನಲ್ಲಿ ದಶಮಾಂಶ ಹಣಕ್ಕೆಂದೇ ಒಂದು ಮೂಲ ಬಗೆ ಇಲ್ಲ. ನಾವು ಎಲ್ಲವನ್ನೂ ಪೂರ್ಣಾಂಕ ಪೈಸೆಯಲ್ಲಿ ಕಳಿಸಿ, ಹಳೆಯ ನಿಯಮವನ್ನು ಕೈಯಾರೆ ಬರೆದೆವು.

ಈಗ ಕ್ರಮದ ಮಾತು. ಹಳೆಯದನ್ನು ಒಂದೇ ದಿನ ನಿಲ್ಲಿಸಿ ಹೊಸದನ್ನು ಹಚ್ಚಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಮಾರ್ಟಿನ್ ಫೌಲರ್ 2004ರಲ್ಲಿ ಇದಕ್ಕೆ ಕತ್ತು ಹಿಸುಕುವ ಅತ್ತಿಮರದ ಹೋಲಿಕೆ ಕೊಟ್ಟರು. ಅತ್ತಿಯ ಬೀಜ ದೊಡ್ಡ ಮರದ ಮೇಲೆ ಮೊಳೆತು, ಬೇರು ಇಳಿಸಿ, ನಿಧಾನವಾಗಿ ಆ ಮರವನ್ನೇ ಮುಗಿಸುತ್ತದೆ. ನಮ್ಮ ಕಾಡಿನಲ್ಲೂ ಅಂಥ ಮರಗಳಿವೆ. ಆದರೆ ನನಗೆ ಅಡಿಕೆ ತೋಟದ ಮರುನಾಟಿ ಹೆಚ್ಚು ಹೊಂದುತ್ತದೆ ಎನಿಸುತ್ತದೆ. ತೋಟಕ್ಕೆ ವಯಸ್ಸಾದರೆ ಯಾರೂ ಎಲ್ಲ ಮರಗಳನ್ನು ಕಡಿದು ಬಯಲು ಮಾಡುವುದಿಲ್ಲ. ಹಳೆಯ ಮರಗಳ ನಡುವೆ ಸಸಿ ಇಡುತ್ತಾರೆ. ಎಳೆಯ ಸಸಿಗೆ ಬಿಸಿಲು ತಾಗಿದರೆ ಸುಡುತ್ತದೆ, ಹಳೆಯ ಮರದ ನೆರಳು ಅದಕ್ಕೆ ಬೇಕು. ಸಸಿ ಫಸಲಿಗೆ ಬರುವವರೆಗೆ ಮನೆ ನಡೆಯುವುದು ಹಳೆಯ ಮರದ ಅಡಿಕೆಗೊನೆಯಿಂದಲೇ. ಹೊಸದು ಹಳೆಯದರ ಶತ್ರುವಲ್ಲ, ಅದರ ನೆರಳಿನಲ್ಲಿ ಬೆಳೆಯುವ ಕೂಸು.

ನಾವು ಮಾಡಿದ್ದು ಹಾಗೆಯೇ. ಸರ್ವರ್ ಯಂತ್ರದಲ್ಲೇ ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ, ಹಳೆಯದನ್ನೂ ಹೊಸದನ್ನೂ ಬೆಸೆಯುವ ಒಂದು ಸೇತುವೆ ಕಟ್ಟಿದೆವು. ಶಾಖೆಗಳು ಜಿಆರ್‌ಪಿಸಿಯಲ್ಲಿ ಸೇತುವೆಯನ್ನು ಕರೆಯುತ್ತವೆ, ಸೇತುವೆ ಅದೇ ಯಂತ್ರದೊಳಗೆ ಹಳೆಯ ಘಟಕವನ್ನು ಕರೆಯುತ್ತದೆ. ಇದರಿಂದ ಡಿಕಾಮ್ ಜಾಲದಿಂದ ಹೊರಬಿತ್ತು, ಆದರೆ ಹಳೆಯ ತರ್ಕ ಉಳಿಯಿತು. ಆಮೇಲೆ ಒಂದೊಂದೇ ಕೆಲಸವನ್ನು ಹೊಸ ಸೇವೆಗೆ ದಾಟಿಸಿದೆವು. ಮೊದಲು ಕೇವಲ ಓದುವ ಕೆಲಸ: ಇವತ್ತಿನ ಧಾರಣೆ, ಸದಸ್ಯರ ಬಾಕಿ. ತೂಕ ಬರೆಯುವುದು ಕೊನೆಗೆ. ಒಂದು ಇಡೀ ಸುಗ್ಗಿ ಎರಡಕ್ಕೂ ಅದೇ ಲೆಕ್ಕ ಕೊಟ್ಟು ಪ್ರತಿ ರಾತ್ರಿ ಉತ್ತರಗಳನ್ನು ಹೋಲಿಸಿದೆವು. ಒಂದು ಪೈಸೆಯ ವ್ಯತ್ಯಾಸ ಸಿಕ್ಕಿದ್ದು ಅಲ್ಲಿ. ದಿನಾಂಕ ಒಂದು ದಿನ ಹಿಂದೆ ಬೀಳುತ್ತಿದ್ದದ್ದೂ ಸಿಕ್ಕಿತು. ಹಳೆಯದು ಸ್ಥಳೀಯ ಸಮಯದ ಮಧ್ಯರಾತ್ರಿಯನ್ನು ಬರೆಯುತ್ತಿತ್ತು, ಹೊಸದು ಅದನ್ನು ಜಾಗತಿಕ ಸಮಯಕ್ಕೆ ಬದಲಿಸಿ ಐದೂವರೆ ಗಂಟೆ ಹಿಂದಕ್ಕೆ ಒಯ್ಯುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕಳೆದುಹೋದ ಉತ್ತರ. ಶಾಖೆಯಿಂದ ತೂಕ ಹೋಯಿತು, ಶಿವಮೊಗ್ಗದಲ್ಲಿ ಬರೆದಾಯಿತು, ‘ಬರೆದಿದ್ದೇನೆ’ ಎಂಬ ಉತ್ತರ ಬರುವಷ್ಟರಲ್ಲಿ ತಂತಿ ಹರಿಯಿತು. ಗುಮಾಸ್ತರು ಮತ್ತೆ ಒತ್ತುತ್ತಾರೆ. ಒಂದು ಚೀಲ ಎರಡಾಗುತ್ತದೆ. ಅದಕ್ಕೆ ಪ್ರತಿ ತೂಕಕ್ಕೂ ಶಾಖೆಯಲ್ಲೇ ಒಂದು ಗುರುತು ಹುಟ್ಟಿಸಿ, ಅದೇ ಗುರುತು ಮತ್ತೆ ಬಂದರೆ ಸರ್ವರ್ ಹೊಸದಾಗಿ ಬರೆಯದೆ ಹಳೆಯ ಉತ್ತರವನ್ನೇ ಕೊಡುವಂತೆ ಮಾಡಿದೆವು. ಜಿಆರ್‌ಪಿಸಿಯಲ್ಲಿ ಗಡುವನ್ನು ನಾವೇ ಹೇಳದಿದ್ದರೆ ಕರೆ ಎಷ್ಟು ಹೊತ್ತಾದರೂ ಕಾಯುತ್ತದೆ. ಆದ್ದರಿಂದ ಪ್ರತಿ ಕರೆಗೂ ಗಡುವು ಹಾಕಿದೆವು. ಈ ಎರಡು ಕೆಲಸ ಮಾಡದೆ ಯಾವ ಘಟಕವನ್ನೂ ಮಲೆನಾಡಿನ ಮಳೆಗೆ ಒಡ್ಡಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ, ಹಳೆಯ ಘಟಕದ ಮೂಲ ಕೋಡೇ ಕಳೆದುಹೋಗಿದ್ದರೆ ಏನು ಮಾಡುವುದು ಎಂದು ಕೇಳಿದರು. ಘಟಕದ ಫೈಲಿನೊಳಗೆ ಟೈಪ್ ಲೈಬ್ರರಿ ಇರುತ್ತದೆ. ಓಎಲ್‌ಇ ವ್ಯೂ ಎಂಬ ಸಾಧನದಲ್ಲಿ ತೆರೆದರೆ ಯಾವ ಕರೆಗಳಿವೆ, ಅವುಗಳಿಗೆ ಏನೇನು ಕೊಡಬೇಕು ಎಂಬುದು ಕಾಣುತ್ತದೆ. ಅದು ಬಾಗಿಲುಗಳ ಪಟ್ಟಿ. ಒಳಗೆ ಏನು ನಡೆಯುತ್ತದೆ ಎಂದು ತಿಳಿಯಲು ಸೇತುವೆಯಲ್ಲಿ ಪ್ರತಿ ಕರೆಯನ್ನೂ ಅದರ ಉತ್ತರವನ್ನೂ ಒಂದು ಸುಗ್ಗಿಯಷ್ಟು ಕಾಲ ಬರೆದಿಟ್ಟುಕೊಳ್ಳಿ, ಆಮೇಲೆ ಬಳಸುವವರ ಪಕ್ಕ ಕುಳಿತು ಅದನ್ನು ಓದಿ ಎಂದೆ.

ಇನ್ನೊಬ್ಬರು, ಆ ಆರು ನಿಮಿಷ ಈಗಲೂ ಇದೆಯೇ ಎಂದರು. ಇಲ್ಲ. ಎರಡನೆಯ ವರ್ಷ ಅದನ್ನು ತೊಂಬತ್ತು ಸೆಕೆಂಡಿಗೆ ಇಳಿಸಿದೆವು. ಇಳಿಸುವ ಮೊದಲು ಎಲ್ಲ ಶಾಖೆಗಳಿಗೂ ಕನ್ನಡದಲ್ಲಿ ಒಂದು ಚೀಟಿ ಕಳಿಸಿ, ಕಂಪ್ಯೂಟರ್ ಪಕ್ಕದ ಗೋಡೆಗೆ ಅಂಟಿಸಲು ಹೇಳಿದೆವು: ಕರೆಂಟು ಬಂದ ಮೇಲೆ ಒಂದೂವರೆ ನಿಮಿಷ ಕಾಯಿರಿ, ಲಾಟು ಬಿಡುತ್ತದೆ, ಬಿಡದಿದ್ದರೆ ಫೋನ್ ಮಾಡಿ.